ನೆಲದಿಂದ 32 ಇಂಚು ಮೇಲೆ: ಮನೆಯಲ್ಲೇ ಒಂದು ಬಡಗಿ ಬೆಂಚು

ಬಡಗಿ ಬೆಂಚು ಅಂದರೆ ಒಂದು ಗಟ್ಟಿಮುಟ್ಟಾದ ಮೇಜು ಎಂದುಕೊಂಡು ಕಟ್ಟಲು ಕೂತವರು ಕಟ್ಟಿ ಮುಗಿಸಿದ ಮೇಲೆ ಪೇಚಾಡುತ್ತಾರೆ. ಮೇಜು ಹೊರುತ್ತದೆ, ಬೆಂಚು ಹಿಡಿಯುತ್ತದೆ. ಹಲಗೆಗೆ ಇರುವುದು ಮೂರು ಬಗೆಯ ಮೈ: ಅಗಲವಾದ ಮುಖ, ಉದ್ದದ ಅಂಚು, ನಾರು ಕಡಿದ ತುದಿ. ಈ ಮೂರರಲ್ಲಿ ಯಾವುದಕ್ಕೆ ಗರಗಸ, ಉಳಿ, ಕೀಸುಳಿ ತಗುಲಿದರೂ ಮರ ಕದಲಬಾರದು. ಬೆಂಚಿನ ಪ್ರತಿ ತುಂಡನ್ನೂ ಈ ಒಂದು ಪ್ರಶ್ನೆ ಇಟ್ಟುಕೊಂಡೇ ಯೋಚಿಸಬೇಕು: ಇದು ಏನನ್ನು ಹಿಡಿಯುತ್ತದೆ?

ನಮ್ಮ ಕಡೆಯ ಬಡಗಿಗಳು ಬೆಂಚಿನ ಗೊಡವೆಯಿಲ್ಲದೆ ಈ ಪ್ರಶ್ನೆ ಬಿಡಿಸಿಕೊಂಡಿದ್ದರು. ನೆಲದ ಮೇಲೆ ಕೂತು, ಹಲಗೆಯ ಒಂದು ತುದಿಯನ್ನು ಪಾದದಡಿ ಒತ್ತಿ, ಇನ್ನೊಂದನ್ನು ಗೋಡೆಗೋ ಗೂಟಕ್ಕೋ ಆನಿಸಿ ಕೆಲಸ ಮಾಡುತ್ತಿದ್ದರು. ಹಿಡಿಯುವ ಯಂತ್ರ ಅವರ ಮೈಯೇ. ಹೈದರಾಬಾದಿನ ಅಬಿಡ್ಸ್‌ನಲ್ಲಿ ಅಂಗಡಿಗಳಿಗೆ ಶೋಕೇಸ್ ಕೂಡಿಸಲು ಬರುವ ಮಿಸ್ತ್ರಿಯ ಕೈಯಲ್ಲಿ ಈಗ ಕರೆಂಟಿನ ಗರಗಸ ಇದೆ. ಆದರೂ ಅವನು ಕೂರುವುದು ನೆಲದ ಮೇಲೆಯೇ. ಚಿಕ್ಕಂದಿನಿಂದ ಆ ಭಂಗಿಯಲ್ಲಿ ಪಳಗಿದ ಸೊಂಟ, ಮೊಣಕಾಲು ಅವನವು. ನಲವತ್ತು ದಾಟಿದ ಮೇಲೆ ರಜೆಯ ದಿನದ ಹವ್ಯಾಸಕ್ಕೆ ಉಳಿ ಹಿಡಿದವರಿಗೆ ಅದು ಒಗ್ಗುವುದಿಲ್ಲ. ನಿಂತು ಕೀಸುವಾಗ ತೋಳಿನ ಜೊತೆ ಕಾಲು, ಸೊಂಟದ ಬಲವೂ ಸೇರುತ್ತದೆ. ಬೆಂಚು ಬೇಕಾಗುವುದು ಇದಕ್ಕೆ.

ನೆಲಕ್ಕೂ ನಿಲುವಿಗೂ ನಡುವಿನ ದಾರಿಯೂ ಒಂದಿದೆ. ಜರ್ಮನಿಯ ಸಾಲ್ಬುರ್ಗ್ ಎಂಬ ರೋಮನ್ ಕೋಟೆಯ ಬಾವಿಯಲ್ಲಿ ಸಿಕ್ಕ ಬೆಂಚುಗಳು ಮೊಣಕಾಲೆತ್ತರದವು. ಬಡಗಿ ಅದರ ಮೇಲೆಯೇ ಕುದುರೆ ಏರಿದಂತೆ ಕೂತು ತನ್ನ ತೊಡೆಯಲ್ಲಿ ಮರವನ್ನು ಅದುಮಿಕೊಳ್ಳುತ್ತಿದ್ದ. ಒಂದೇ ಕೋಣೆಯಲ್ಲಿ ಸಂಸಾರ ಮಾಡುವವರು ಇದನ್ನು ಯೋಚಿಸಬಹುದು, ಉಳಿದ ಹೊತ್ತು ಕೂರುವ ಹಲಗೆಯಾಗಿಯೂ ಇರುತ್ತದೆ. ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನ ಆಂದ್ರೆ ರೂಬೋ ಚಿತ್ರಿಸಿದ ಬೆಂಚು ಇದಕ್ಕೆ ತದ್ವಿರುದ್ಧ: ಆನೆಗಾತ್ರದ ಒಂದೇ ಹಲಗೆ, ಅದರೊಳಗೆ ನೆಟ್ಟ ದಪ್ಪ ಕಾಲು. ನೋಡಲು ಬಲು ಚೆಂದ. ಆದರೆ ಆ ದಪ್ಪದ ಮರವನ್ನು ಕೊಂಡು ಮೂರನೇ ಮಹಡಿಗೆ ಹತ್ತಿಸುವವರು ಯಾರು? 1812ರಲ್ಲಿ ಪೀಟರ್ ನಿಕಲ್ಸನ್ ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿರುವ ಬೆಂಚು ನಮಗೆ ಸರಿ. ಮೇಲೆ ಸಾಧಾರಣ ದಪ್ಪದ ಹಲಗೆ, ಎರಡೂ ಪಕ್ಕಕ್ಕೆ ಅಗಲವಾದ ಪಕ್ಕದ ಹಲಗೆ. ಗಟ್ಟಿತನ ಬರುವುದು ಮರದ ದಪ್ಪದಿಂದಲ್ಲ, ಈ ಪಕ್ಕದ ಹಲಗೆಗಳ ಅಗಲದಿಂದ. ಬೋಲ್ಟಿನಿಂದ ಬಿಗಿದುಕೊಂಡರೆ ಬೇಕಾದಾಗ ಬಿಚ್ಚಿ ಚಪ್ಪಟೆಯಾಗಿ ಜೋಡಿಸಿಡಬಹುದು. ಬಾಡಿಗೆ ಮನೆಯವರಿಗೆ ಇದಕ್ಕಿಂತ ಬೇರೇನು ಬೇಕು.

ಅಳತೆ ಹೀಗಿಟ್ಟುಕೊಳ್ಳಿ. ಉದ್ದ 5 ಅಡಿ, ಅಗಲ 19 ಇಂಚು. ಮೇಲ್ಗಡೆ 9 ಇಂಚು ಅಗಲ, ಎರಡೂವರೆ ಇಂಚು ದಪ್ಪದ ಎರಡು ಹಲಗೆ, ನಡುವೆ ಒಂದು ಇಂಚು ಸಂದು. ಕಾಲು ನಾಲ್ಕು, ಮೂರೂವರೆ ಇಂಚು ಚೌಕ. ಪಕ್ಕದ ಹಲಗೆ ಎರಡು, 9 ಇಂಚು ಅಗಲ, ಒಂದೂವರೆ ದಪ್ಪ. ಕಾಲುಗಳನ್ನು ಜೋಡಿಸುವ ಅಡ್ಡಪಟ್ಟಿ ನಾಲ್ಕು, 13 ಇಂಚು ಉದ್ದ. ಎತ್ತರಕ್ಕೆ ಮಾತ್ರ ಪುಸ್ತಕದ ಲೆಕ್ಕ ಬೇಡ. ಚಪ್ಪಲಿ ಹಾಕಿಕೊಂಡು ನೇರ ನಿಂತು ಕೈ ಇಳಿಬಿಡಿ. ಕಿರುಬೆರಳು ಅಂಗೈಗೆ ಸೇರುವ ಗೆಣ್ಣಿನ ಮಟ್ಟಕ್ಕೆ ಬೆಂಚಿನ ಮೇಲ್ಮೈ ಬಂದರೆ ಕೀಸಲು ಹದ. ಐದೂವರೆ ಅಡಿಯ ಆಳಿಗೆ ಇದು ಸುಮಾರು 30ರಿಂದ 32 ಇಂಚು. ಅಡುಗೆಕಟ್ಟೆಯ ಎತ್ತರಕ್ಕೆ ಕಟ್ಟಿದರೆ ಭುಜ ಸೋಲುತ್ತದೆ. ಅನುಮಾನವಿದ್ದರೆ ಎತ್ತರವಾಗಿಯೇ ಕಟ್ಟಿ, ಆಮೇಲೆ ಕಾಲು ಕೊಯ್ಯಬಹುದು. ಕೊಯ್ದದ್ದನ್ನು ಬೆಳೆಸಲು ಬರುವುದಿಲ್ಲ.

ಮರದ ವ್ಯಾಪಾರ ಘನ ಅಡಿಯಲ್ಲಿ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ಮೇಲಿನ ಒಂದು ಹಲಗೆಗೆ 5 × 9 × 2.5, ಅಂದರೆ 112.5, ಭಾಗಿಸಿದರೆ 0.78. ಇಡೀ ಬೆಂಚಿಗೆ ಮೂರೂವರೆ ಘನ ಅಡಿ, ಕೊಯ್ತದ ನಷ್ಟ ಸೇರಿಸಿ ನಾಲ್ಕು. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡೇ ಡಿಪೋಗೆ ಹೋಗಬೇಕು. ಅಲ್ಲಿ ಕ್ಯಾಲ್ಕ್ಯುಲೇಟರ್ ಒತ್ತುವ ವೇಗಕ್ಕೆ ನಮ್ಮ ಕಣ್ಣು ಹೊಂದುವುದಿಲ್ಲ. ಇನ್ನೊಂದು ವಿಷಯ: ಇಲ್ಲಿ ಹೈದರಾಬಾದಿನ ಮಿಸ್ತ್ರಿಗಳು ಇಂಚಿನ ಎಂಟನೇ ಒಂದು ಪಾಲನ್ನು ‘ಸೂತ್’ ಎನ್ನುತ್ತಾರೆ. ‘ಚಾರ್ ಸೂತ್’ ಅಂದರೆ ಅರ್ಧ ಇಂಚು.

ಯಾವ ಮರ? ಹೊಸ ತೇಗ ಬೆಂಚಿಗೆ ದಂಡ. ಆ ಹಣಕ್ಕೆ ಬೆಂಚಿನ ಮೇಲೆ ಮಾಡುವ ಕಪಾಟಿಗೇ ತೇಗ ತಂದುಕೊಳ್ಳಬಹುದು. ನನ್ನ ಮಟ್ಟಿಗೆ ಆಯ್ಕೆ ಎರಡೇ. ಒಂದು, ಹಳೆ ಮನೆ ಕೆಡವಿದಾಗ ಬರುವ ತೇಗ. ಈ ಊರಿನಲ್ಲಿ ಹಳೆ ಕಟ್ಟಡ ಬಿದ್ದು ಅಪಾರ್ಟ್‌ಮೆಂಟ್ ಏಳುವುದು ನಿತ್ಯದ ಮಾತು. ಬಾಗಿಲ ಚೌಕಟ್ಟಿನ ಮರ ಕಾಲಿಗೆ ಹೇಳಿ ಮಾಡಿಸಿದಂತೆ ಇರುತ್ತದೆ, ತೊಲೆಯನ್ನು ಸೀಳಿಸಿದರೆ ಮೇಲಿನ ಹಲಗೆ. ದಶಕಗಳ ಕಾಲ ಒಣಗಿದ್ದರಿಂದ ಅದು ಇನ್ನು ತಿರುಚಿಕೊಳ್ಳುವುದು ಅಪರೂಪ. ಕಾಟ ಕೊಡುವುದು ಒಳಗೆ ಮುರಿದು ಕೂತ ಮೊಳೆ. ಒಂದು ಬಲವಾದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೈಮೇಲೆ ಎಳೆಯುತ್ತ ಹೋಗಿ; ಎಲ್ಲಿ ವಾಲಿತೋ ಅಲ್ಲಿ ಮೊಳೆ. ಎಲ್ಲ ಕಿತ್ತ ಮೇಲೆಯೇ ಸಾಮಿಲ್‌ಗೆ ಒಯ್ಯಬೇಕು, ಬ್ಲೇಡಿಗೆ ಮೊಳೆ ಸಿಕ್ಕರೆ ಮಾತು ಕೇಳುವವರು ನೀವು.

ಎರಡನೆಯದು ಯಂತ್ರಗಳು ಬಂದಿಳಿಯುವ ಪೆಟ್ಟಿಗೆಗಳ ಪೈನ್. ಹಗುರ, ಅಗ್ಗ, ಕೀಸಲು ಸುಲಭ. ವಿದೇಶದಿಂದ ಬಂದ ಪೆಟ್ಟಿಗೆಯ ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್‌ಟಿ’ ಎಂದಿದ್ದರೆ ಮರವನ್ನು ಒಳತಿರುಳಿನವರೆಗೆ 56 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿದ್ದಾರೆ ಎಂದರ್ಥ, ಧಾರಾಳವಾಗಿ ತನ್ನಿ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಕೊಟ್ಟದ್ದು. ಅದನ್ನು ಮನೆಯೊಳಗೆ ಕೀಸುವುದು ಬೇಡ. ಪೈನಿನಲ್ಲಿ 9 ಇಂಚಿನ ಅಗಲ ಸಿಗದಿದ್ದರೆ 6 ಇಂಚಿನ ಮೂರು ಹಲಗೆ, ನಡುವೆ ಅರ್ಧರ್ಧ ಇಂಚು ಸಂದು. ಮೊತ್ತ ಅಷ್ಟೇ. ತೇಗದ ಬೆಂಚು 60 ಕಿಲೋ ದಾಟುತ್ತದೆ, ಪೈನಿನದು 45–50. ಕೀಸುವಾಗ ಬೆಂಚು ಜಾರದಿರಲು ಈ ತೂಕ ಬೇಕು. ಪೈನಾದರೆ ಕೆಳಗೆ ಹಲಗೆ ಹಾಸಿ ಎರಡು ಮರಳುಚೀಲ ಇಟ್ಟರಾಯಿತು.

ಇನ್ನು ಇವನ್ನೆಲ್ಲ ಕೊಳ್ಳುವುದು ಎಲ್ಲಿ? ಅಬಿಡ್ಸ್‌ಗೆ ಈ ಹೆಸರು ಬಂದದ್ದೇ ಒಬ್ಬ ಅಂಗಡಿಕಾರನಿಂದ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಆಬಿದ್ ಎಂಬ ಅರ್ಮೇನಿಯನ್ ಇಲ್ಲಿ ಮಳಿಗೆ ನಡೆಸಿದ. ಇಂದಿಗೂ ಇಲ್ಲಿ ಬಟ್ಟೆ, ಚಪ್ಪಲಿ, ಪುಸ್ತಕ ಏನೆಲ್ಲ ಸಿಗುತ್ತದೆ, ಉಳಿ ಮಾತ್ರ ಹುಡುಕಬೇಕು. ಸ್ಕ್ರೂ, ಬೋಲ್ಟು, ಸಾಣೆಕಲ್ಲಿಗೆ ನಡೆದೇ ಹೋಗುವಷ್ಟು ದೂರದಲ್ಲಿ ಟ್ರೂಪ್ ಬಜಾರ್, ಅದರಾಚೆ ಬೇಗಂ ಬಜಾರ್. ಒಳ್ಳೆಯ ಹತ್ಯಾರಕ್ಕೆ ಸಿಕಂದರಾಬಾದ್ ಕಡೆಯ ರಾಣಿಗಂಜ್. ಮರಕ್ಕೆ ಮುಶೀರಾಬಾದಿನ ಡಿಪೋಗಳು. ಹಳೆಯ ಉಳಿ, ಹಳೆಯ ಕೀಸುಳಿ ಬೇಕೆಂದರೆ ಗುರುವಾರದ ಜುಮ್ಮೇರಾತ್ ಬಜಾರ್ ಅಥವಾ ಭಾನುವಾರದ ಎರ್ರಗಡ್ಡ ಸಂತೆಯಲ್ಲಿ ಅದೃಷ್ಟ ನೋಡಬಹುದು. ತುಕ್ಕು ಹೆದರಿಸದಿರಲಿ. ಮೇಲ್ಪದರದ ತುಕ್ಕು ಒಂದು ಸಂಜೆಯ ಉಜ್ಜಾಟಕ್ಕೆ ಹೋಗುತ್ತದೆ. ಅಲಗಿನ ಚಪ್ಪಟೆ ಬೆನ್ನಿನಲ್ಲಿ ತುದಿಯ ಹತ್ತಿರ ಕುಳಿ ಬಿದ್ದಿದ್ದರೆ ಮಾತ್ರ ಕೈಬಿಡಿ.

ಬೇಕಾದ ಹತ್ಯಾರ ಹೆಚ್ಚಿಲ್ಲ. ಕೀಸುಳಿ ಒಂದು (ಇಲ್ಲಿ ರಂದ ಎಂದು ಕೇಳಬೇಕು), 14 ಇಂಚು ಉದ್ದದ 5ನೇ ನಂಬರಿನ ಕಬ್ಬಿಣದ್ದು ಎಲ್ಲಕ್ಕೂ ಆಗುತ್ತದೆ. ಅಡ್ಡ ಕೊಯ್ಯುವ ಗರಗಸ, ಉದ್ದ ಸೀಳುವ ಗರಗಸ. ಮೊದಲನೆಯದರ ಹಲ್ಲು ಚಾಕುವಿನ ಹಾಗೆ ನಾರನ್ನು ಕತ್ತರಿಸುತ್ತದೆ, ಎರಡನೆಯದರ ಹಲ್ಲು ಉಳಿಯ ಹಾಗೆ ನಾರನ್ನು ಕೆತ್ತಿ ತೆಗೆಯುತ್ತದೆ. ಅಂಗಡಿಯವರು ಕೊಡುವುದು ಸಾಮಾನ್ಯವಾಗಿ ಅಡ್ಡ ಕೊಯ್ಯುವುದನ್ನೇ. ಅದರಲ್ಲಿ ಉದ್ದ ಸೀಳಲು ಹೊರಟರೆ ಬೆವರು ಮಾತ್ರ. ಇನ್ನೊಂದು ಅಗ್ಗದ ಗರಗಸ ತಂದು ಮೂರು ಮೂಲೆಯ ಅರದಿಂದ ಹಲ್ಲನ್ನು ನೇರಕ್ಕೆ ಮಸೆದುಕೊಳ್ಳಬಹುದು. ಅರ್ಧ ಇಂಚು ಮತ್ತು ಒಂದು ಇಂಚಿನ ಉಳಿ, ಕೊಡತಿ, ಬೈರಿಗೆ ಅಥವಾ ಕೈ ಡ್ರಿಲ್, ಮೂಲೆಮಟ್ಟ, ಗೆರೆ ಎಳೆಯುವ ಮಾರ್ಕಿಂಗ್ ಗೇಜ್, ಚೂಪು ಚಾಕು, ಸಾಣೆಕಲ್ಲು. ಕೈ ಹತ್ಯಾರ ಅಂದಮಾತ್ರಕ್ಕೆ ದಿಮ್ಮಿಯನ್ನೂ ಕೈಯಲ್ಲೇ ಸೀಳುವ ವ್ರತ ಹಿಡಿಯಬೇಕಿಲ್ಲ. ಸೀಳುವುದನ್ನು ಸಾಮಿಲ್‌ಗೆ ಬಿಡಿ. ಉಳಿ ಹೊಸದಾದರೂ ಅಂಗಡಿಯಿಂದ ಹರಿತವಾಗಿ ಬರುವುದಿಲ್ಲ. ಮೊದಲು ಬೆನ್ನನ್ನು ಕಲ್ಲಿನ ಮೇಲೆ ಚಪ್ಪಟೆ ಮಾಡಿ, ಆಮೇಲೆ ಮುಂಭಾಗವನ್ನು 30 ಡಿಗ್ರಿಯ ಆಸುಪಾಸಿನಲ್ಲಿ ಮಸೆಯಿರಿ. ಪೈನಿನ ಅಡ್ಡ ನಾರನ್ನು ಪುಡಿಯಾಗಿಸದೆ ತೆಳ್ಳಗೆ ಎಬ್ಬಿಸಿದರೆ ಹರಿತವಾಗಿದೆ ಎಂದು ಲೆಕ್ಕ.

ಬೆಂಚು ಕಟ್ಟಲು ಮೊದಲು ಬೆಂಚು ಬೇಕಲ್ಲ ಎಂಬ ತಕರಾರು ಇಂಗ್ಲಿಷ್ ಪುಸ್ತಕಗಳಲ್ಲಿ ಬಹಳ. ನಮಗೆ ಅದು ಬಾಧಿಸದು, ನೆಲವಿದೆ. ತಾರಸಿಯ ಮೇಲೆ ಗೋಣಿಚೀಲ ಮಡಚಿ ಹಾಸಿ, ಕಾಲಿನ ಮರವನ್ನು ಅದರ ಮೇಲಿಟ್ಟು, ಅದರ ಮೇಲೆಯೇ ಕೂತು ಉಳಿ ಹೊಡೆಯಿರಿ. ಗೋಣಿ ಸದ್ದನ್ನೂ ನುಂಗುತ್ತದೆ. ಕೆಳಗಿನ ಮನೆಯವರ ಮಧ್ಯಾಹ್ನದ ನಿದ್ದೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಒಳ್ಳೆಯದು. ಕೀಸಬೇಕಾದ ಹಲಗೆಯ ತುದಿಯನ್ನು ತಾರಸಿಯ ಗೋಡೆಗೆ ಆನಿಸಿದರೆ ಅದೇ ತಡೆ.

ಮೊದಲ ಕೆಲಸ ಎರಡು ಕಾಲು-ಜೋಡಿ. ಎರಡು ಕಾಲಿಗೆ ಮೇಲೊಂದು, ಕೆಳಗೊಂದು ಅಡ್ಡಪಟ್ಟಿ. ಹೊರಗಿಂದ ಹೊರಗೆ ಅಗಲ 16 ಇಂಚು. ಪಟ್ಟಿಯ ತುದಿಯಲ್ಲಿ ನಾಲಗೆ, ಕಾಲಿನಲ್ಲಿ ಅದು ಕೂರುವ ಗೂಡು. ನಾಲಗೆಯ ದಪ್ಪ ಪಟ್ಟಿಯ ಮೂರನೇ ಒಂದು ಪಾಲು, ಅಂದರೆ ಅರ್ಧ ಇಂಚು. ಉಳಿಯೂ ಅರ್ಧ ಇಂಚಿನದೇ ಆದ್ದರಿಂದ ಗೂಡಿನ ಅಗಲವನ್ನು ಉಳಿಯೇ ಕಾಯುತ್ತದೆ. ಪ್ರತಿ ತುಂಡಿನಲ್ಲೂ ಒಂದು ಮುಖ, ಒಂದು ಅಂಚನ್ನು ಸರಿಯಾಗಿ ನೇರ ಮಾಡಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಎಲ್ಲ ಗೆರೆಯನ್ನೂ ಅವೆರಡರಿಂದಲೇ ಎಳೆಯಬೇಕು. ಆಗ ಮರ ಒಂದೆರಡು ಸೂತ್ ಹೆಚ್ಚುಕಡಿಮೆ ಇದ್ದರೂ ಜೋಡಣೆ ಕೆಡುವುದಿಲ್ಲ. ಗೂಡನ್ನು ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಹೊಡೆಯುತ್ತ ಹೋಗಿ, ತುದಿಯ ಗೆರೆಯನ್ನು ಕೊನೆಗೆ ಮುಟ್ಟಿ. ಆಳ ಎರಡು ಇಂಚು. ಮೇಲಿನ ಪಟ್ಟಿಯ ನಾಲಗೆಯನ್ನು ಮೇಲ್ಗಡೆ ಒಂದು ಇಂಚು ಕಡಿದು ಗಿಡ್ಡ ಮಾಡಬೇಕು. ಇಲ್ಲದಿದ್ದರೆ ಗೂಡು ಕಾಲಿನ ತುದಿಗೇ ತೆರೆದುಕೊಂಡು ಸೀಳುತ್ತದೆ.

ನಾಲಗೆಯ ಭುಜದ (ನಾಲಗೆಯ ಬುಡದ ಮೆಟ್ಟಿಲಿನ) ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯಬೇಡಿ, ಚಾಕುವಿನಲ್ಲಿ ಕೊರೆಯಿರಿ. ಗರಗಸ ಆ ಕೊರೆತದೊಳಗೆ ಕೂತು ದಾರಿ ತಪ್ಪದು. ಕೊಯ್ಯುವಾಗ ಗೆರೆ ಮರದಲ್ಲಿ ಉಳಿಯಬೇಕು. ದಪ್ಪವಾದದ್ದನ್ನು ಉಳಿಯಿಂದ ಸವರಿ ಇಳಿಸಬಹುದು. ಕೈಯಲ್ಲಿ ಒತ್ತಿ ಅರ್ಧ ಹೋಗಿ, ಉಳಿದರ್ಧ ಕೊಡತಿಯ ಮೆಲ್ಲನೆ ಪೆಟ್ಟಿಗೆ ಇಳಿದರೆ ಹದ.

ಇದನ್ನು ಬಿಗಿಯಲು ದೊಡ್ಡ ಶಿಕಂಜ (ಕ್ಲಾಂಪ್) ಬೇಕಿಲ್ಲ. ನಮ್ಮ ಹಳೆ ಬಾಗಿಲುಗಳ ಮೂಲೆಯಲ್ಲಿ ಬಿದಿರುಮೊಳೆ ಕಂಡಿರುತ್ತೀರಿ. ಅದೇ ಉಪಾಯಕ್ಕೆ ಒಂದು ಸಣ್ಣ ಕಿತಾಪತಿ ಸೇರಿಸಬೇಕು. ಗೂಡಿನ ಅಡ್ಡಕ್ಕೆ ಕಾಲಿನಲ್ಲಿ 10 ಮಿ.ಮೀ. ರಂಧ್ರ ಕೊರೆಯಿರಿ. ನಾಲಗೆಯನ್ನು ಒಳಗಿಟ್ಟು ಅದೇ ರಂಧ್ರದಿಂದ ಅದರ ಮೇಲೆ ಗುರುತು ಮಾಡಿ, ಹೊರಗೆ ತೆಗೆಯಿರಿ. ಗುರುತಿನಿಂದ ಒಂದೂವರೆ ಮಿ.ಮೀ.ನಷ್ಟು ಭುಜದ ಕಡೆಗೆ ಸರಿದು ನಾಲಗೆಯನ್ನು ಕೊರೆಯಿರಿ. ಈಗ ಫೆವಿಕಾಲ್ ಸವರಿ ಕೂಡಿಸಿದಾಗ ಎರಡು ರಂಧ್ರಗಳು ಒಂದಕ್ಕೊಂದು ಸ್ವಲ್ಪ ತಪ್ಪಿರುತ್ತವೆ. ತುದಿ ಮೊನಚು ಮಾಡಿದ, ಬಲಿತ ಬಿದಿರಿನ ಮೊಳೆಯನ್ನು ಹೊಡೆದರೆ ಅದು ಬಳುಕಿ ಸಾಗುತ್ತ ನಾಲಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಭುಜ ಬಂದು ಕಾಲಿಗೆ ಕಚ್ಚುತ್ತದೆ. ಅಂಟು ಸೋತರೂ ಈ ಜೋಡಣೆ ಸೋಲುವುದಿಲ್ಲ. ಸರಿದ ದಿಕ್ಕು ತಪ್ಪಿದರೆ ಮಾತ್ರ ಮೊಳೆ ನಾಲಗೆಯನ್ನು ಹೊರಕ್ಕೆ ನೂಕುತ್ತದೆ. ಕೊರೆಯುವ ಮುನ್ನ ಎರಡು ಸಲ ನೋಡಿ.

ಪಕ್ಕದ ಹಲಗೆಗಳನ್ನು ಕಾಲುಗಳ ಹೊರಮೈಗೆ 10 ಮಿ.ಮೀ. ಬೋಲ್ಟಿನಿಂದ ಬಿಗಿಯಬೇಕು. ಪ್ರತಿ ಕಾಲಿಗೆ ಎರಡು ಬೋಲ್ಟು, ಒಂದರ ಮೇಲೊಂದು, ಆದಷ್ಟು ದೂರ. 9 ಇಂಚಿನ ಅಗಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೀಸುವ ನೂಕಿಗೆ ಬೆಂಚು ಉದ್ದಕ್ಕೆ ಓಲಾಡಬೇಕೆಂದರೆ ಈ ಎರಡು ಬೋಲ್ಟಿನ ನಡುವಿನ ಸನ್ನೆಯನ್ನು ಮುರಿಯಬೇಕು, ಅದು ಆಗದ ಮಾತು. ಬೋಲ್ಟಿನ ತಲೆ ಹಲಗೆಯೊಳಗೆ ಹುದುಗಿರಲಿ, ಹೊರಗೆ ಚಾಚಿದರೆ ಮುಂದೆ ಅಲ್ಲಿ ಆನಿಸುವ ಮರಕ್ಕೆಲ್ಲ ಗಾಯ.

ಮೇಲಿನ ಹಲಗೆಗಳನ್ನು ಕೆಳಗಿನಿಂದ, ಮೇಲಿನ ಅಡ್ಡಪಟ್ಟಿಯ ಮೂಲಕ ಸ್ಕ್ರೂ ಹಾಕಿ ಕೂರಿಸಿ. ಅಂಟು ಹಾಕಕೂಡದು. ಮರ ಉದ್ದಕ್ಕೆ ಬೆಳೆಯುವುದಿಲ್ಲ ಅನ್ನಬಹುದು, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಹೈದರಾಬಾದಿನ ಮೇ ತಿಂಗಳ ಒಣ ಬಿಸಿಲಿಗೂ ಆಗಸ್ಟಿನ ತೇವಕ್ಕೂ ಇರುವ ಅಂತರ ಚರ್ಮಕ್ಕೇ ಗೊತ್ತಾಗುತ್ತದೆ, ಮರಕ್ಕೆ ಗೊತ್ತಾಗದೇ ಇದ್ದೀತೆ? ಪ್ರತಿ ಹಲಗೆಯ ಹೊರ ಅಂಚಿನ ಕಡೆಯ ಸ್ಕ್ರೂಗೆ ಬಿಗಿ ರಂಧ್ರ, ಸಂದಿನ ಕಡೆಯದಕ್ಕೆ ಉದ್ದುದ್ದ ರಂಧ್ರ ಕೊಟ್ಟರೆ ಹಿಗ್ಗುವುದೆಲ್ಲ ನಡುವಿನ ಸಂದಿಗೇ ಸೇರುತ್ತದೆ. ಹೊರ ಅಂಚು ಪಕ್ಕದ ಹಲಗೆಯ ಮೈಯೊಂದಿಗೆ ಒಂದೇ ಸಮಕ್ಕೆ ನಿಲ್ಲುತ್ತದೆ. ಈ ಸಮ ಬಹಳ ಮುಖ್ಯ.

ಈಗ ಮೇಲ್ಮೈ ಮಟ್ಟ ಮಾಡುವ ಸರದಿ. ಎರಡಡಿ ಉದ್ದದ, ನೇರವಾದ ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ಬೆಂಚಿನ ಎರಡು ತುದಿಗೆ ಅಡ್ಡಲಾಗಿ ನಿಲ್ಲಿಸಿ, ಒಂದು ತುದಿಯಲ್ಲಿ ಬಗ್ಗಿ ಮೊದಲನೆಯದರ ಮೇಲಿಂದ ಎರಡನೆಯದನ್ನು ನೋಡಿ. ಎರಡರ ಮೇಲಂಚು ಸಮಾನಾಂತರವಾಗಿ ಕಂಡರೆ ತಿರುಚಿಲ್ಲ. ಒಂದು ಕಡೆ ಏರಿದ್ದರೆ ಎದುರುಬದುರು ಮೂಲೆಗಳು ಎತ್ತರ ಇವೆ ಎಂದು ತಿಳಿಯಬೇಕು. ಅಲ್ಲಿ ಪೆನ್ಸಿಲಿನಿಂದ ಗೀಚಿ, ಮೊದಲು ನಾರಿಗೆ ಅಡ್ಡಲಾಗಿ, ಆಮೇಲೆ ಓರೆಯಾಗಿ, ಕೊನೆಗೆ ಉದ್ದಕ್ಕೆ ಕೀಸಿ. ಅಡ್ಡ ಕೀಸಿದರೆ ಮರ ಬೇಗ ಇಳಿಯುತ್ತದೆ, ಬರೇ ಉದ್ದಕ್ಕೆ ಕೀಸಿದರೆ ಇದ್ದ ತಗ್ಗು ತಗ್ಗಾಗಿಯೇ ಉಳಿಯುತ್ತದೆ. ಕೀಸುಳಿಯ ತಳಕ್ಕೆ ಆಗಾಗ ಮೇಣದಬತ್ತಿ ಉಜ್ಜಿದರೆ ಅರ್ಧ ಶ್ರಮ ಉಳಿಯುತ್ತದೆ.

ಇಷ್ಟಾದರೂ ಇನ್ನೂ ಅದು ಮೇಜೇ. ಹಿಡಿಯುವ ಗುಣ ಬರುವುದು ಮುಂದಿನ ನಾಲ್ಕು ಸಂಗತಿಗಳಿಂದ.

ಎಡ ತುದಿಯ ಹತ್ತಿರ ಎರಡು ಇಂಚು ಚೌಕದ ರಂಧ್ರ ಕೊರೆದು ಅದರಲ್ಲಿ ಬಿಗಿಯಾಗಿ ಕೂರುವ ಒಂದು ಗಟ್ಟಿಮರದ ಗೂಟ ಇಳಿಸಿ. ಕೊಡತಿಯಿಂದ ಕೆಳಗಿನಿಂದ ತಟ್ಟಿದರೆ ಏಳುತ್ತದೆ, ಮೇಲಿನಿಂದ ತಟ್ಟಿದರೆ ಇಳಿಯುತ್ತದೆ. ಹಲಗೆಯ ಮುಖ ಕೀಸುವಾಗ ಇದಕ್ಕೆ ಆನಿಸಿದರೆ ಸಾಕು, ನಮ್ಮ ನೂಕೇ ಅದನ್ನು ಹಿಡಿದಿಡುತ್ತದೆ. ಎರಡನೆಯದು ಹೋಲ್ಡ್‌ಫಾಸ್ಟ್. 18 ಮಿ.ಮೀ. ಕಬ್ಬಿಣದ ಸರಳನ್ನು ಕಮ್ಮಾರನಲ್ಲಿ ಕೊಕ್ಕೆಯಂತೆ ಬಗ್ಗಿಸಿ, ತುದಿಯನ್ನು ತಟ್ಟಿ ಚಪ್ಪಟೆ ಮಾಡಿಸಿಕೊಳ್ಳಬಹುದು. ಬೆಂಚಿನಲ್ಲಿ ಅದಕ್ಕಿಂತ ಕೊಂಚ ದೊಡ್ಡ ರಂಧ್ರ. ಸರಳನ್ನು ಇಳಿಸಿ ತಲೆಗೆ ಒಂದೇಟು ಕೊಟ್ಟರೆ ಅದು ರಂಧ್ರದಲ್ಲಿ ಓರೆಯಾಗಿ ಸಿಕ್ಕಿಕೊಂಡು ಚಪ್ಪಟೆ ತುದಿ ಮರವನ್ನು ಅದುಮುತ್ತದೆ. ಬಿಡಿಸಲು ಹಿಂಬದಿಗೆ ಒಂದೇಟು. ಎರಡೂವರೆ ಇಂಚಿನ ದಪ್ಪ ಇದಕ್ಕೆ ಸೊಗಸು. ನಾಲ್ಕು ಇಂಚು ಮೀರಿದರೆ ಓರೆಯಾಗಲು ಜಾಗವಿಲ್ಲದೆ ಜಾರುತ್ತದೆ. ಸರಳು ತೀರಾ ನುಣುಪಾಗಿದ್ದರೆ ಎಮರಿ ಕಾಗದದಿಂದ ಸುತ್ತಲೂ ಒರಟು ಮಾಡಿ.

ಮೂರನೆಯದು ಮುಂದಿನ ಪಕ್ಕದ ಹಲಗೆಯ ಎಡ ತುದಿಗೆ ಬಿಗಿದ ಮರದ ಕೊಕ್ಕೆ, ಬಾಯಿ ಒಳಗೊಳಗೆ ಕಿರಿದಾಗುವಂಥದ್ದು. ಅಂಚು ಕೀಸಬೇಕಾದ ಹಲಗೆಯ ತುದಿಯನ್ನು ಅದರೊಳಗೆ ತುರುಕಿ, ಕೆಳಗೆ ಪಕ್ಕದ ಹಲಗೆಯಲ್ಲೇ ಸಾಲಾಗಿ ಕೊರೆದ ರಂಧ್ರಗಳಿಗೆ ಗೂಟ ಹಾಕಿ ಆಸರೆ ಕೊಡಿ. ಬೆಂಚಿನಷ್ಟೇ ಉದ್ದದ ಹಲಗೆಯೂ ಅಲುಗದೆ ನಿಲ್ಲುತ್ತದೆ. ಹೊರ ಅಂಚು ಸಮವಿರಬೇಕು ಎಂದದ್ದು ಇದಕ್ಕೇ. ತುದಿ ಕೊಯ್ಯಲು ಒಂದು ಸಣ್ಣ ಹಲಗೆಯ ಮೇಲೊಂದು, ಕೆಳಗೊಂದು ಪಟ್ಟಿ ಹೊಡೆದ ಬೆಂಚ್ ಹುಕ್ ಸಾಕು. ಕೆಳಗಿನ ಪಟ್ಟಿ ಬೆಂಚಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನದಕ್ಕೆ ಮರ ಒತ್ತಿ ಹಿಡಿದು ಕೊಯ್ಯುವುದು. ವೈಸ್ ಬೇಕೇ ಎಂದು ಕೇಳಿದರೆ, ಈಗಲೇ ಬೇಡ ಅನ್ನುತ್ತೇನೆ. ಈ ನಾಲ್ಕರಲ್ಲಿ ಒಂದಷ್ಟು ಕಾಲ ಕೆಲಸ ಮಾಡಿದರೆ ವೈಸ್ ಎಲ್ಲಿ ಬೇಕು, ನಿಜಕ್ಕೂ ಬೇಕೇ ಎಂಬುದು ಕೈಗೆ ತಿಳಿಯುತ್ತದೆ.

ಪಾಲಿಶ್ ಮಾಡಬೇಡಿ, ಮರ ಜಾರುತ್ತದೆ. ಅಗಸೆಎಣ್ಣೆ ಒಂದೆರಡು ಕೈ ಒರೆಸಿದರೆ ಸಾಕು. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಕೂಡದು. ಅಗಸೆಎಣ್ಣೆ ಗಾಳಿಯೊಂದಿಗೆ ಸೇರಿ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ತಂತಿಯ ಮೇಲೆ ಒಂಟೊಂಟಿಯಾಗಿ ಹರಡಿ, ಗಟ್ಟಿಯಾದ ಮೇಲೆ ಬಿಸಾಡಿ. ಕಾಲಿನ ತುದಿಗಳಿಗೆ ಎಣ್ಣೆ ಹೆಚ್ಚು ಕುಡಿಸಿ, ಅಡಿಗೆ ರಬ್ಬರ್ ತುಂಡು ಹಾಕಿ. ಗ್ರಾನೈಟ್ ನೆಲದಲ್ಲಿ ಬೆಂಚು ಸರಿಯುವುದೂ ತಪ್ಪುತ್ತದೆ, ಕೆಳಗಿನ ಮನೆಗೆ ಇಳಿಯುವ ಸದ್ದೂ ತಗ್ಗುತ್ತದೆ. ಕಿಟಕಿಯ ಬೆಳಕು ಎದುರಿಗೋ ಎಡಗಡೆಗೋ ಬರುವಂತೆ, ಎಡ ತುದಿ ಗೋಡೆಗೆ ಆನುವಂತೆ ಇಟ್ಟರೆ ಬಲಗೈಯವರಿಗೆ ಅನುಕೂಲ.

ಮೊದಲ ಮಳೆಗಾಲ ಕಳೆದ ಮೇಲೆ, ದಸರೆಯ ಹೊತ್ತಿಗೆ, ಬೋಲ್ಟುಗಳನ್ನು ಒಮ್ಮೆ ಬಿಗಿದು ಅಲ್ಯೂಮಿನಿಯಂ ಪಟ್ಟಿಗಳನ್ನು ಮತ್ತೆ ಇಟ್ಟು ನೋಡಿ. ಸ್ವಲ್ಪ ತಿರುಚಿರಬಹುದು. ಆಗ ಕೀಸಿದ ಮಟ್ಟ ಬಹುಕಾಲ ನಿಲ್ಲುತ್ತದೆ. ಕೀಸುವ ಮುನ್ನ ತಡೆಗೂಟವನ್ನೂ ಬೆಂಚಿನ ಮಟ್ಟಕ್ಕಿಂತ ಕೆಳಗೆ ತಟ್ಟಿ ಇಳಿಸಿರಬೇಕು.